ತೂಕದ ಕೋಣೆಯಿಂದಾಚೆ

ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಗೆ ಈಗ ಅಂಬರೀಶ್ ಅವರ ಹೆಸರಿಟ್ಟಿದ್ದಾರೆ. ಆದರೂ ಆಟೋ ಹತ್ತಿದವರು ಇಂದಿಗೂ ರೇಸ್ ಕೋರ್ಸ್ ಎಂದೇ ಹೇಳುತ್ತಾರೆ. ಹೊತ್ತು ಮೂಡುವ ಮೊದಲು ಆ ಕಡೆ ಹೋದರೆ ಊರಿನ ನಡುವೆ ಇನ್ನೊಂದು ಊರು ಎದ್ದು ಕೂತಿರುತ್ತದೆ. ಲಾಯಗಳಿಂದ ಕುದುರೆಗಳು ಒಂದೊಂದಾಗಿ ಹೊರಬೀಳುತ್ತವೆ. ಮಂಜು ಮುಸುಕಿದ ಟ್ರ್ಯಾಕಿನ ಆ ತುದಿಯಿಂದ ಎರಡು ಕುದುರೆ ಜೋಡಿಯಾಗಿ ಬಂದರೆ, ಗೊರಸಿನ ಸದ್ದಿಗಿಂತ ಮೊದಲು ಕಿವಿಗೆ ಬೀಳುವುದು ಅವುಗಳ ಉಸಿರು. ಹೆಜ್ಜೆಗೊಂದು ಉಸಿರು, ತಿದಿ ಒತ್ತಿದ ಹಾಗೆ.

ಅಂಥ ಒಂದು ಚಳಿಗಾಲದ ಬೆಳಿಗ್ಗೆ, ತಾಲೀಮು ಮುಗಿಸಿ ಬಂದ ಕಂದು ಬಣ್ಣದ ಹೆಣ್ಣು ಕುದುರೆಯೊಂದರ ಮುಂದೆ ಅದನ್ನು ನೋಡಿಕೊಳ್ಳುವ ಸೈಸ್ ಕುಕ್ಕರಗಾಲಲ್ಲಿ ಕೂತದ್ದನ್ನು ನೋಡಿದೆ. ಐವತ್ತು ದಾಟಿದ ಮನುಷ್ಯ. ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿಯಿಂದ ಕೆಳಕ್ಕೆ ಹಿಂಬದಿಯ ನರದ ಮೇಲೆ ಅಂಗೈಯನ್ನು ನಿಧಾನಕ್ಕೆ ಇಳಿಸಿದ. ಮತ್ತೆ ಮೇಲಿನಿಂದ ಶುರುಮಾಡಿದ. ಆಮೇಲೆ ಇನ್ನೊಂದು ಕಾಲು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ. "ಬಿಸಿ ಇದೆಯಾ ಅಂತ ಸಾರ್. ಇವತ್ತು ಕೈಗೆ ಗೊತ್ತಾಗ್ಬೇಕು. ನಾಳೆ ಕಣ್ಣಿಗೆ ಕಂಡ್ರೆ ಲೇಟಾಯ್ತು" ಅಂದ.

ಸುಮಾರು 450 ಕಿಲೋ ತೂಕದ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಆ ಭಾರವೆಲ್ಲ ನಮ್ಮ ಮಣಿಕಟ್ಟಿಗಿಂತ ಹೆಚ್ಚು ದಪ್ಪವಿರದ ಮೂಳೆಯ ಮೇಲೆ ಬೀಳುತ್ತದೆ. ರೇಸ್ ಎಂಬ ಇಡೀ ವ್ಯವಸ್ಥೆ ನಿಂತಿರುವುದು ಆ ಕಾಲಿನ ಮೇಲೆ. ಆ ಕಾಲನ್ನು ಎಲ್ಲರಿಗಿಂತ ಮೊದಲು ಮುಟ್ಟಿ ನೋಡುವ ಮನುಷ್ಯನಿಗೆ ಆ ವ್ಯವಸ್ಥೆಯಲ್ಲಿ ಮಾತೇ ಇಲ್ಲ. ಕುದುರೆ ರೇಸನ್ನು ಹತ್ತಿರದಿಂದ ಕಂಡ ಯಾರಿಗೂ ಮೊದಲು ಚುಚ್ಚುವುದು ಇದೇ.

ನಮ್ಮ ದೇಶದಲ್ಲಿ ಈ ಆಟ ಹಳೆಯದು. ಮದ್ರಾಸಿನ ಗಿಂಡಿಯಲ್ಲಿ ರೇಸ್ ಶುರುವಾದದ್ದು 1777ರಲ್ಲಿ. ಕಲ್ಕತ್ತಾದ ಟರ್ಫ್ ಕ್ಲಬ್ 1847ರದ್ದು. ಚಾಮುಂಡಿ ಬೆಟ್ಟದ ಬುಡದ ಮೈಸೂರು ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ. ಇಂದು ದೇಶದ ರೇಸುಗಳೆಲ್ಲ ನಡೆಯುವುದು ಕೋಲ್ಕತ್ತ, ಮುಂಬೈ, ಚೆನ್ನೈ, ಹೈದರಾಬಾದ್, ಬೆಂಗಳೂರಿನ ಐದು ಕ್ಲಬ್ಬುಗಳ ಅಧಿಕಾರದಲ್ಲಿ. ಕ್ರಿಕೆಟ್ಟಿಗಿರುವಂತೆ ಒಂದೇ ಮಂಡಳಿ ಇಲ್ಲಿಲ್ಲ. ಪ್ರತಿಯೊಂದಕ್ಕೂ ಅದರದೇ ನಿಯಮ ಪುಸ್ತಕವಿದೆ. ಒಂದು ಕಡೆ ಬಹಿಷ್ಕಾರಕ್ಕೆ ಒಳಗಾದವನನ್ನು ಉಳಿದವರೂ ಒಳಗೆ ಬಿಡುವುದಿಲ್ಲ ಎನ್ನುವ ಒಪ್ಪಂದ ಅವುಗಳನ್ನು ಹೆಣೆದಿದೆ. ಯಾವ ಮರಿ ಯಾವ ಗಂಡು, ಯಾವ ಹೆಣ್ಣಿಗೆ ಹುಟ್ಟಿತು ಎಂಬ ವಂಶಾವಳಿಯ ಪುಸ್ತಕ ಇರುವುದು ಪುಣೆಯಲ್ಲಿ, ಅದೂ ಮುಂಬೈ ಕ್ಲಬ್ಬಿನ ಆಶ್ರಯದಲ್ಲಿ.

ರೇಸಿನ ದಿನದ ಶಿಸ್ತು ನೋಡಬೇಕು. ಓಟಕ್ಕೆ ಮೊದಲು ಜಾಕಿ ತನ್ನ ಜೀನನ್ನು ತೊಡೆಯ ಮೇಲಿಟ್ಟುಕೊಂಡು ತಕ್ಕಡಿಯ ಮೇಲೆ ಕೂರುತ್ತಾನೆ. ಬಲವಾದ ಕುದುರೆಗೆ ಹೆಚ್ಚು ಭಾರ, ದುರ್ಬಲವಾದುದಕ್ಕೆ ಕಡಿಮೆ ಎಂದು ಹ್ಯಾಂಡಿಕ್ಯಾಪರ್ ಲೆಕ್ಕ ಹಾಕಿರುತ್ತಾನೆ. ತೂಕ ಸಾಲದಿದ್ದರೆ ಜೀನಿನ ಚೀಲಕ್ಕೆ ಸೀಸದ ಹಾಳೆ ಸೇರಿಸಬೇಕು. ಓಟ ಮುಗಿದು ಗೆದ್ದ ಮೇಲೂ ಕುದುರೆಯ ಕೊರಳು ತಟ್ಟುತ್ತ ನಿಲ್ಲುವಂತಿಲ್ಲ. ಜೀನು ಬಿಚ್ಚಿ, ಬೆವರು ಸುರಿಯುತ್ತಿರುವಾಗಲೇ ಮತ್ತೆ ತಕ್ಕಡಿಗೆ ಬರಬೇಕು. ಹೋಗುವಾಗಿನ ತೂಕ ಬರುವಾಗಲೂ ಇರಬೇಕು. ಇಲ್ಲದಿದ್ದರೆ ಗೆಲುವೇ ರದ್ದು. ತೂಕ ಸರಿಯಿದೆ ಎಂದು ಘೋಷಿಸುವವರೆಗೆ ಕ್ಲಬ್ಬೇ ಬಾಜಿ ಕಟ್ಟಿಸಿಕೊಳ್ಳುವ ಟೋಟ್ ಕಿಟಕಿಯಲ್ಲಿ ಒಂದು ರೂಪಾಯಿಯೂ ಹೊರಬರುವುದಿಲ್ಲ. ಗುರಿಗೆರೆ ದಾಟಿ ಬಂದ ಕುದುರೆಗಳ ನಡುವೆ ಮೂಗಿನಷ್ಟು ಅಂತರವಿದ್ದರೂ ಫೋಟೊ ನೋಡಿ ತೀರ್ಮಾನಿಸುತ್ತಾರೆ. ಗೆದ್ದ ಕುದುರೆಯ ಮೂತ್ರವೋ ರಕ್ತವೋ ಸೀಲಾಗಿ ಪರೀಕ್ಷೆಗೆ ಹೋಗುತ್ತದೆ.

ಓಟದುದ್ದಕ್ಕೂ ಮೇಲಿನಿಂದ ಸ್ಟೀವರ್ಡುಗಳ ಕಣ್ಣು. ರೇಸಿನ ನ್ಯಾಯಾಧೀಶರು ಅವರೇ. ಜಾಕಿ ಇನ್ನೊಬ್ಬನ ದಾರಿಗೆ ಅಡ್ಡ ಬಂದನೇ, ಚಾಟಿ ಹೆಚ್ಚು ಬೀಸಿದನೇ, ಓಡಬಲ್ಲ ಕುದುರೆಯನ್ನು ಬೇಕೆಂದೇ ಲಗಾಮೆಳೆದು ಹಿಡಿದನೇ ಎಂದೆಲ್ಲ ವಿಚಾರಿಸಿ ಅವನನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮನೆಗೆ ಕಳಿಸಬಲ್ಲರು. "ಕುದುರೆ ಹಿಡಿದ" ಎನ್ನುವುದು ಬಾಜಿ ಕಟ್ಟುವವರ ಬಾಯಲ್ಲಿ ಬಹು ದೊಡ್ಡ ಬೈಗುಳ. ಆ ಒಂದು ಮಾತಿಗೆ ಜಾಕಿಯ ಬದುಕೇ ಕೈತಪ್ಪಬಹುದು.

ಇಷ್ಟು ಕಟ್ಟುನಿಟ್ಟು ಇದ್ದ ಮೇಲೆ ಕೊರತೆ ಎಲ್ಲಿ? ತಕ್ಕಡಿ ಜಾಕಿಯನ್ನು ತೂಗುತ್ತದೆ. ತೂಗುವವರನ್ನು ತೂಗಲು ಇನ್ನೊಂದು ತಕ್ಕಡಿ ಇಲ್ಲ. ರೇಸ್ ನಡೆಸಿ ಹಣ ಗಳಿಸುವುದು ಕ್ಲಬ್. ಟೋಟ್ ನಡೆಸುವುದು ಅದೇ. ಬುಕ್ಕಿಗೆ ಜಾಗ ಕೊಡುವುದು, ಟ್ರೇನರಿಗೆ ಲೈಸೆನ್ಸ್ ಕೊಡುವುದು, ಟ್ರ್ಯಾಕ್ ನೋಡಿಕೊಳ್ಳುವುದು ಎಲ್ಲವೂ ಅದೇ. ತಪ್ಪಾದರೆ ವಿಚಾರಣೆಯೂ ಅದರದೇ, ಮೇಲ್ಮನವಿಯೂ ಅದರ ಅಂಗಳದಲ್ಲೇ. ಸ್ಟೀವರ್ಡುಗಳಲ್ಲಿ ಕೆಲವರು ಸರ್ಕಾರದಿಂದ ಬಂದವರು, ಉಳಿದವರು ಸದಸ್ಯರೊಳಗಿಂದ ಆರಿಸಿ ಬಂದವರು. ಕುದುರೆ ಸಾಕಿದವರೂ ಅವರಲ್ಲಿರುತ್ತಾರೆ. ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಪ್ರೀತಿಯಿಂದ ಬಂದವರು ಎನ್ನುವುದು ನಿಜ. ಆದರೆ ಪ್ರೀತಿ ನಿಯಂತ್ರಣವಲ್ಲ. ಅಂಗಡಿಯವನ ಕೈಯಲ್ಲೇ ತಕ್ಕಡಿ, ತಪಾಸಣೆ ಎರಡೂ ಇದ್ದರೆ, ಅವನು ಪ್ರಾಮಾಣಿಕನಾದರೂ ಗಿರಾಕಿ ನಂಬುವುದು ಕಷ್ಟ.

2017ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಹೆಣ್ಣು ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಎಂಬ ಮದ್ದು ಪತ್ತೆಯಾಯಿತು ಎಂಬ ವರದಿ ದೊಡ್ಡ ಗದ್ದಲವಾಗಿ ಪೊಲೀಸರವರೆಗೂ ಹೋಯಿತು. ಆ ಪ್ರಕರಣದಲ್ಲಿ ಯಾರು ಸರಿ, ಯಾರು ತಪ್ಪು ಎನ್ನುವುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ವರದಿ ಮೊದಲು ಬಂದು ಬಿದ್ದ ಮೇಜು ರೇಸ್ ನಡೆಸುವವರದೇ ಆಗಿತ್ತು ಎನ್ನುವುದು. 2019ರ ನವೆಂಬರಿನಲ್ಲಿ ಅದೇ ಟ್ರ್ಯಾಕಿನಲ್ಲಿ ಓಟದ ನಡುವೆ ಕುದುರೆಗಳು ಬಿದ್ದು ಜಾಕಿಗಳು ಉರುಳಿದಾಗ ಸಿಟ್ಟಾದ ಜನ ಸಾಮಾನುಗಳನ್ನು ಒಡೆದು ಹಾಕಿದರು. ಒಡೆದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಟ್ರ್ಯಾಕ್ ಓಡಲು ಯೋಗ್ಯವಾಗಿತ್ತೇ ಎಂದು ಹೊರಗಿನವರು ಬಂದು ಹೇಳುವ ಏರ್ಪಾಡು ಇದ್ದಿದ್ದರೆ ಆ ಸಿಟ್ಟಿಗೆ ಹೋಗಲು ಬೇರೆ ದಾರಿ ಇರುತ್ತಿತ್ತು.

ಹಾಗಾದರೆ ಸರ್ಕಾರ? ಕರ್ನಾಟಕದಲ್ಲಿ ರೇಸಿಗೆ ಲೈಸೆನ್ಸ್ ಕೊಡುವ ಕಾನೂನು 1952ರದ್ದು, ಮೈಸೂರು ಸಂಸ್ಥಾನ ರಾಜ್ಯವಾಗಿ ಮಾರ್ಪಟ್ಟ ಹೊಸತರದ್ದು. ಕಂಬಳದ ಕೋಣಗಳಿಗಾಗಿ ನಮ್ಮ ಶಾಸನಸಭೆ ಪ್ರಾಣಿಹಿಂಸೆ ತಡೆ ಕಾಯ್ದೆಗೇ ತಿದ್ದುಪಡಿ ತಂದಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಚರ್ಚೆಯಲ್ಲಿ ಕೋಣದ ಮೂಗುದಾರ, ಬಾರುಕೋಲಿನವರೆಗೆ ಮಾತು ಬಂತು. ಕುದುರೆಯ ವಿಷಯದಲ್ಲಿ ವಿಧಾನಸೌಧದ ಮಾತು ಸಾಮಾನ್ಯವಾಗಿ ನಿಲ್ಲುವುದು ಎರಡೇ ಕಡೆ: ನೆಲ ಮತ್ತು ತೆರಿಗೆ.

ನೆಲದ ಕತೆ ಉದ್ದ. ಊರಿನ ನಟ್ಟನಡುವಿನ ಸುಮಾರು 80 ಎಕರೆಯ ಗುತ್ತಿಗೆ 2009ರಲ್ಲೇ ಮುಗಿದಿದೆ. ಅಂದಿನಿಂದ ಕೋರ್ಟು, ತಡೆಯಾಜ್ಞೆ, ಸ್ಥಳಾಂತರದ ಮಾತು. ಚಿಕ್ಕಜಾಲ, ದೊಡ್ಡಗುಬ್ಬಿ ಎಂದೆಲ್ಲ ಹೆಸರು ಕೇಳಿಬಂದವು, ಕುಣಿಗಲ್ ಕೂಡ ಬಂತು. ಚೆನ್ನೈಯಲ್ಲಿ 2024ರಲ್ಲಿ ಗಿಂಡಿಯ ಗುತ್ತಿಗೆ ರದ್ದಾಗಿ ಬಾಗಿಲಿಗೆ ಸರ್ಕಾರದ ಬೀಗ ಬಿತ್ತು. ಮುಂಬೈಯ ಮಹಾಲಕ್ಷ್ಮಿಯಲ್ಲಿ ಅದೇ ವರ್ಷ 120 ಎಕರೆ ಪಾರ್ಕಿಗೆ ಹೋಗಲು ಒಪ್ಪಿಗೆಯಾಯಿತು. ಊರಿಗೆ ಹಸಿರು ಬೇಕು, ಒಪ್ಪುತ್ತೇನೆ. ಆದರೆ ನಾಳೆ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಕಡೆ ಯಾರು ಹೊಸ ಟ್ರ್ಯಾಕ್ ಹಾಸುತ್ತಾರೆ, ಯಾರು ಪಶು ಆಸ್ಪತ್ರೆಗೆ ಹಣ ಸುರಿಯುತ್ತಾರೆ?

ತೆರಿಗೆಯದು ಇನ್ನೊಂದು ಬಗೆ. ರೇಸ್ ಬರೀ ಅದೃಷ್ಟದಾಟವಲ್ಲ, ಕುದುರೆಯ ವಂಶ, ತರಬೇತಿ, ಜಾಕಿಯ ಕೌಶಲವೇ ಇಲ್ಲಿ ಮುಖ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಮದ್ರಾಸ್ ಕ್ಲಬ್ಬಿನ ಪ್ರಕರಣದಲ್ಲಿ ಹೇಳಿತು. ಹೀಗಿದ್ದರೂ ಜಿಎಸ್‌ಟಿಯಲ್ಲಿ ರೇಸ್ ಕೂತದ್ದು ಜೂಜಿನ ಪಂಕ್ತಿಯಲ್ಲೇ. ಟೋಟ್‌ನಲ್ಲಿ ಸೇರುವ ಹಣದ ಬಹುಪಾಲು ಗೆದ್ದವರಿಗೆ ಮರಳುತ್ತದೆ, ಕ್ಲಬ್ಬಿಗೆ ಉಳಿಯುವುದು ಕಮಿಷನ್ ಮಾತ್ರ. ತೆರಿಗೆ ಆ ಕಮಿಷನ್ನಿನ ಮೇಲಿರಬೇಕೆಂದು ಕರ್ನಾಟಕ ಹೈಕೋರ್ಟು 2021ರಲ್ಲಿ ತೀರ್ಪಿತ್ತಿತು. 2023ರ ಅಕ್ಟೋಬರಿನಿಂದ ಕಾನೂನನ್ನೇ ತಿದ್ದಿ, ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಹಾಕಿದರು. 2025ರ ಸೆಪ್ಟೆಂಬರಿನಲ್ಲಿ ಅದು ಶೇ 40 ಆಯಿತು. ಇದರ ಪರಿಣಾಮ ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ಕಿಟಕಿಯಲ್ಲಿ ಟಿಕೆಟ್ ಕೊಂಡರೆ ತೆರಿಗೆ, ಮೂಲೆಯಲ್ಲಿ ನಿಂತವನ ಕಿವಿಗೆ ಹೇಳಿದರೆ ತೆರಿಗೆಯಿಲ್ಲ. 2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಬೆಂಗಳೂರಿನ ಕೋರ್ಸಿನೊಳಗೇ ಬುಕ್ಕಿಗಳ ಮೇಲೆ ದಾಳಿ ಮಾಡಿ ಮೂರು ಕೋಟಿಗೂ ಹೆಚ್ಚು ನಗದು ಹಿಡಿದರು.

ಆ ವರ್ಷದ ಜೂನಿನಲ್ಲಿ ಸರ್ಕಾರ ಲೈಸೆನ್ಸ್ ನಿರಾಕರಿಸಿತು. ಹೈಕೋರ್ಟಿನ ಏಕಸದಸ್ಯ ಪೀಠ ರೇಸಿಗೆ ಅವಕಾಶ ಕೊಟ್ಟಿತು, ಕೆಲವೇ ದಿನದಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಹಾಕಿತು. ಅಕ್ರಮ ನಡೆದಿದ್ದರೆ ಅಕ್ರಮ ಮಾಡಿದವರನ್ನು ಹಿಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರದ ಕೈಯಲ್ಲಿರುವ ಆಯುಧ ಒಂದೇ, ಬಾಗಿಲು ಮುಚ್ಚುವುದು. ಮುಚ್ಚಿದ ಬಾಗಿಲಿನ ಹಿಂದೆ ಕುದುರೆಗಳು ಹಾಗೇ ಇದ್ದವು. ಓಟ್ಸ್, ಹುಲ್ಲು, ಸೊಪ್ಪು ದಿನವೂ ಬೇಕು. ಲಾಳ ಬದಲಿಸಬೇಕು. ಓಟಕ್ಕೆಂದೇ ಸಾಕಿದ ಪ್ರಾಣಿಯನ್ನು ಲಾಯದಲ್ಲಿ ಸುಮ್ಮನೆ ನಿಲ್ಲಿಸಿದರೆ ಅದಕ್ಕೆ ಹೊಟ್ಟೆಶೂಲೆ ಬರಬಹುದು. ದಿನವೂ ನಡೆಸಲೇಬೇಕು. ಬಹುಮಾನದ ಹಣ ನಿಂತರೂ ಆ ಕೆಲಸ ಯಾವುದೂ ನಿಲ್ಲುವಂತಿಲ್ಲ.

ಬೇರೆ ದೇಶಗಳೂ ಈ ಹಾದಿ ದಾಟಿಯೇ ಬಂದಿವೆ. ಬ್ರಿಟನ್ನಿನಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಜಾಕಿ ಕ್ಲಬ್ಬೇ ಎಲ್ಲಕ್ಕೂ ಯಜಮಾನ. ಕೊನೆಗೆ ಅದು ನಿಯಂತ್ರಣದ ಕೆಲಸ ಬಿಟ್ಟುಕೊಟ್ಟು, 2007ರಿಂದ ಬೇರೆಯದೇ ಪ್ರಾಧಿಕಾರ ಆ ಕೆಲಸ ನೋಡುತ್ತಿದೆ. ಕ್ಲಬ್ ತನ್ನ ಕೋರ್ಸುಗಳನ್ನು ನಡೆಸಿಕೊಂಡಿದೆ. ಅಮೆರಿಕದ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯೂ ಮೊದಲು ರಾಜ್ಯಕ್ಕೊಂದು ನಿಯಮವಿತ್ತು, ಒಂದು ರಾಜ್ಯದಲ್ಲಿ ನಡೆಯುತ್ತಿದ್ದ ಮದ್ದು ಇನ್ನೊಂದರಲ್ಲಿ ನಿಷಿದ್ಧವಾಗಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಅನಿತಾ ಕೋರ್ಸಿನಲ್ಲಿ ಒಂದಾದ ಮೇಲೊಂದು ಕುದುರೆ ಸತ್ತವು. ಮರುವರ್ಷ ಮದ್ದು ಹಾಕಿದ ಆರೋಪದಲ್ಲಿ ಹೆಸರಾಂತ ಟ್ರೇನರುಗಳು ಸಿಕ್ಕಿಬಿದ್ದರು. ಅದೇ 2020ರಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಬಂತು, 2022ರಲ್ಲಿ ಜಾರಿಯಾಯಿತು. ಸಾವಿರ ಓಟಕ್ಕೆ ಎಷ್ಟು ಕುದುರೆ ಸತ್ತವು ಎಂದು ಅಲ್ಲೀಗ ಲೆಕ್ಕ ಪ್ರಕಟಿಸುತ್ತಾರೆ. ಸಾವಿನ ಲೆಕ್ಕ ಇಡುವುದು ಕಹಿ ಕೆಲಸ. ಆದರೆ ಲೆಕ್ಕವಿಲ್ಲದ ಸಾವನ್ನು ಯಾರೂ ತಡೆಯಲಾರರು.

ನಮ್ಮಲ್ಲಿ ಬಾಜಿ ಮತ್ತು ಜೂಜು ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಹಾಗಾಗಿ ಐದು ಕ್ಲಬ್ಬುಗಳಿಗೆ ಒಂದೇ ಕಾನೂನು ಸುಲಭವಲ್ಲ. ಆದರೂ ಮದ್ದಿನ ಪರೀಕ್ಷೆಯ ವರದಿ, ಟ್ರ್ಯಾಕಿನ ತಪಾಸಣೆ, ಗಾಯ ಮತ್ತು ಸಾವಿನ ದಾಖಲೆ, ಓಟ ಬಿಟ್ಟ ಕುದುರೆ ಎಲ್ಲಿಗೆ ಹೋಯಿತು ಎಂಬ ಮಾಹಿತಿ, ಇಷ್ಟನ್ನಾದರೂ ಕ್ಲಬ್ಬಿನ ಕೈಯಿಂದ ಬಿಡಿಸಿ ಬೇರೆ ಸಂಸ್ಥೆಗೆ ಕೊಡಲು ಕರ್ನಾಟಕಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. 1952ರ ಕಾನೂನನ್ನು ತೆಗೆದು ಹೊಸತು ಬರೆದರೆ ಆಯಿತು. ಹುಟ್ಟಿದ ದಿನದಿಂದ ವಂಶಾವಳಿಯಲ್ಲಿ ಹೆಸರಿರುವ ಕುದುರೆ, ಓಟ ನಿಲ್ಲಿಸಿದ ಮೇಲೆ ರೈಡಿಂಗ್ ಶಾಲೆಗೆ ಹೋಯಿತೋ ಮದುವೆ ದಿಬ್ಬಣಕ್ಕೆ ಹೋಯಿತೋ ಎಂಬುದಕ್ಕೂ ಒಂದು ಸಾಲು ದಾಖಲೆ ಇರಬೇಡವೇ?

ಮನುಷ್ಯರ ವಿಷಯದಲ್ಲಿ ಒಂದು ತೀರ್ಪು ನೆನಪಾಗುತ್ತದೆ. ರೇಸ್ ಕ್ಲಬ್ಬಿನ ನೌಕರರಿಗೆ ಇಎಸ್‌ಐ ಸೌಲಭ್ಯ ಸಿಗಬೇಕೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಆ ಕಾನೂನಿನ ಲೆಕ್ಕದಲ್ಲಿ ರೇಸ್ ಕ್ಲಬ್ಬೂ ಒಂದು ಅಂಗಡಿಯೇ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ಸೈಸ್ ದುಡಿಯುವುದು ಸಾಮಾನ್ಯವಾಗಿ ಟ್ರೇನರ್ ಕೆಳಗೆ. ಕುದುರೆ ಒದ್ದರೆ, ಕಚ್ಚಿದರೆ, ನಸುಕಿನಲ್ಲಿ ಕಾಲು ಜಾರಿ ಬಿದ್ದರೆ ಅವನನ್ನು ನೋಡುವವರು ಯಾರು ಎನ್ನುವುದು ಹೊಸ ಕಾನೂನಿನ ಮೊದಲ ಪುಟದಲ್ಲಿ ಬರಬೇಕು.

ಆ ಚಳಿಗಾಲದ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಸೈಸ್ ಮತ್ತೆ ಅದೇ ಕುದುರೆಯ ಎಡಗಾಲಿನ ಬಳಿ ಕೂತಿದ್ದ. ಎರಡು ಬಾರಿ ನೋಡಿದ ಕಾಲು ಅದು. ಅಂಗೈಯನ್ನು ಒಂದು ಕಡೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದ. ಆಮೇಲೆ ಎದ್ದು, ಏನೂ ಮಾತಾಡದೆ ಬಕೆಟ್ ತಂದು, ತಣ್ಣೀರಿನ ಪೈಪನ್ನು ಆ ಕಾಲಿನ ಮೇಲೆ ಬಿಟ್ಟ. ಕುದುರೆ ತಲೆ ತಗ್ಗಿಸಿ ಅವನ ಭುಜದ ಮೇಲೆ ಮೂತಿ ಇಟ್ಟಿತು.