ಮತಪೆಟ್ಟಿಗೆಯೂ ಗರ್ಭಸ್ಥ ಶಿಶುವೂ

ಅಮೇರಿಕೆಯಲ್ಲಿ ಅಧ್ಯಕ್ಷಪದವಿಯ ಚುನಾವಣೆ ಬಂದಾಗಲೆಲ್ಲ ಗರ್ಭಸ್ಥ ಶಿಶುವಿನ ಪ್ರಶ್ನೆಯೂ ಬಂದು ನಿಲ್ಲುವುದು. 1973ರಲ್ಲಿ ಗರ್ಭಪಾತವನ್ನು ಹಕ್ಕೆಂದು ಸಾರಿದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಆ ತೀರ್ಪನ್ನು ತಾನೇ ರದ್ದುಗೊಳಿಸಿ, ವಿಷಯವನ್ನು ಸಂಸ್ಥಾನಗಳಿಗೆ ಒಪ್ಪಿಸಿತು. ಹಾಗೆ ತೀರ್ಪಿತ್ತವರಲ್ಲಿ ಮೂವರು ಟ್ರಂಪರು ನೇಮಿಸಿದ ನ್ಯಾಯಾಧೀಶರು. ಆದರೆ 2024ರ ಚುನಾವಣೆಯಲ್ಲಿ ಅದೇ ಟ್ರಂಪರು ದೇಶವ್ಯಾಪಿ ನಿಷೇಧಕ್ಕೆ ಒಪ್ಪಿಗೆ ಕೊಡೆನೆಂದರು. ಮತಗಳ ಲೆಕ್ಕದೆದುರು ತತ್ತ್ವವು ತಲೆತಗ್ಗಿಸಿತು!

ದೂರದ ಈ ಮಾತು ನಮಗೇಕೆಂದು ಬಸವಕಲ್ಯಾಣದ ಮತದಾರನು ಕೇಳಬಹುದು. ನಮ್ಮ 1971ರ ಶಾಸನವು ತಾಯಿಯ ಪ್ರಾಣಸಂಕಟವನ್ನು ನೋಡಿ ಗರ್ಭಪಾತಕ್ಕೆ ಎಡೆಗೊಟ್ಟಿತು. ಅದು ದಯೆಯ ಮಾತು. ಭ್ರೂಣದ ಲಿಂಗಪತ್ತೆಯನ್ನು 1994ರ ಶಾಸನವು ನಿಷೇಧಿಸಿತು. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಗುಟ್ಟಾಗಿ ಲಿಂಗಪತ್ತೆ ನಡೆದುದು ಬಯಲಾಯಿತು. ಬೆಲ್ಲ ಕಾಯಿಸುವ ಮನೆಯಲ್ಲಿ ಇಂತಹ ವಿಷ! ಅಲ್ಲಿ ಮಗುವಿನ ಅಪರಾಧವೇನು? ಹೆಣ್ಣಾದುದೊಂದೇ.

ಶರಣರ ಸಭೆಯಲ್ಲಿ ಅಕ್ಕಮಹಾದೇವಿಯ ಮಾತಿಗೆ ಮನ್ನಣೆಯಿತ್ತ ನೆಲ ಈ ಕಲ್ಯಾಣ. ಇಲ್ಲಿಯವರಾದರೂ ಮತ ಬೇಡಬಂದವರನ್ನು ಕೇಳತಕ್ಕದ್ದು: ರಸ್ತೆ, ನೀರು ಸರಿಯೇ; ಹುಟ್ಟಲಿರುವ ಮಗಳಿಗೆ ನಿಮ್ಮ ಕಾವಲೇನು? ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆ ನಡೆಯುತ್ತಿದೆಯೇ? ಹೆಣ್ಣು ಹೊರೆಯೆನಿಸುವ ವರದಕ್ಷಿಣೆಯನ್ನು ನಿಮ್ಮ ಮನೆಯಲ್ಲಿ ಬಿಟ್ಟಿದ್ದೀರಾ?

ಮತವಿಲ್ಲದ ಜೀವದ ಪರವಾಗಿ ಮತವುಳ್ಳವನೇ ಬಾಯಿ ತೆರೆಯಬೇಕು.