ನರಕ್ಕೆ ಬಿದ್ದ ಪೆಟ್ಟು, ಪಿಂಚಣಿಯ ಹಕ್ಕು



ನಮ್ಮ ವಿಜಯಪುರದ ಸುತ್ತಮುತ್ತ ರೇಷ್ಮೆ ಬೆಳೆಯುವವರಿದ್ದಾರೆ. ನೂಲು ತೆಗೆಯುವವರಿದ್ದಾರೆ. ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುವವರಿದ್ದಾರೆ. ಸೈನ್ಯಕ್ಕೆ ಸೇರಿ, ದೇಶ ಕಾಯ್ದು, ಊರಿಗೆ ಮರಳಿದವರೂ ಇದ್ದಾರೆ. ಅವರನ್ನು ಮಾಜಿ ಸೈನಿಕರು ಎನ್ನುತ್ತೇವೆ.

ಯುದ್ಧದಲ್ಲಿ ಕೈ ಕಳೆದುಕೊಂಡರೆ ಎಲ್ಲರಿಗೂ ಕಾಣುತ್ತೆ. ಆದರೆ ಕಣ್ಣಿಗೆ ಕಾಣದ ಪೆಟ್ಟೂ ಇದೆ. ಅದು ನರಕ್ಕೆ ಬಿದ್ದ ಪೆಟ್ಟು. ಮೈಮೇಲೆ ಗಾಯ ಇರುವುದಿಲ್ಲ. ಕಾಲು ಮಾತ್ರ ಜೋಮು ಹಿಡಿದಿರುತ್ತೆ. "ನೋಡೋಕೆ ಗಟ್ಟಿಮುಟ್ಟಾಗಿದ್ದಾರೆ, ಇವರಿಗೇನು ಕಾಯಿಲೆ?" ಅಂತ ಜನ ಆಡಿಕೊಳ್ಳುತ್ತಾರೆ.

ಇಂಥವರು ಅಂಗವೈಕಲ್ಯ ಪಿಂಚಣಿ ಕೇಳುತ್ತಾರೆ. ಕೆಲವರಿಗೆ "ಇಲ್ಲ" ಎಂಬ ಉತ್ತರ ಬರುತ್ತೆ. ಕಾಗದ ಇಂಗ್ಲಿಷಿನಲ್ಲಿರುತ್ತೆ. ಅದು ಟ್ರಂಕಿನ ತಳ ಸೇರುತ್ತೆ. ಮನೆಯ ಹೆಣ್ಣುಮಗಳಿಗೆ ಅದರಲ್ಲಿ ಏನಿದೆ ಎಂದೇ ತಿಳಿಯುವುದಿಲ್ಲ. "ಇಲ್ಲ" ಎಂದ ಮೇಲೂ ಕೇಳುವ ದಾರಿ ಇದೆ. ಆ ದಾರಿ ಯಾವುದು? ನೋಡೋಣ ಬನ್ನಿ.

ನರ ಎಂದರೇನು?

ರಕ್ತ ಹರಿಯುವ ನಾಳವನ್ನೂ ನಾವು ಆಡುಮಾತಿನಲ್ಲಿ ನರ ಅಂತೀವಿ. ಇಲ್ಲಿ ಹೇಳುವುದು ಅದಲ್ಲ. ಮಿದುಳಿನಿಂದ ಕೈಕಾಲಿಗೆ ಸುದ್ದಿ ಒಯ್ಯುವ ಎಳೆಗಳಿವೆ. ಬೆಂಕಿ ತಾಗಿದರೆ "ಸುಡುತ್ತಿದೆ" ಎಂಬ ಸುದ್ದಿಯನ್ನು ಮಿದುಳಿಗೆ ತರುವುದೂ ಇವೇ ಎಳೆಗಳು. ಇವೇ ನರಗಳು.

ತೋಟದ ಕೊಳವೆಬಾವಿಯ ಮೋಟಾರು ನೋಡಿದ್ದೀರಿ. ಮೋಟಾರು ಚೆನ್ನಾಗಿದೆ. ಕರೆಂಟೂ ಇದೆ. ನಡುವಿನ ವೈರು ಕೆಟ್ಟರೆ ನೀರು ಬರುತ್ತದೆಯೇ? ಬರೋದಿಲ್ಲ. ನರ ಕೆಟ್ಟಾಗಲೂ ಹಾಗೆಯೇ. ಕಾಲಿದೆ, ಮಾಂಸಖಂಡವಿದೆ, ಆದರೆ ಸುದ್ದಿ ತಲುಪುವುದಿಲ್ಲ.

ಸೈನಿಕರಿಗೆ ನರದ ತೊಂದರೆ ಹಲವು ರೀತಿ ಬರುತ್ತೆ. ಗುಂಡಿನ ಚೂರು ನರವನ್ನು ಕತ್ತರಿಸಬಹುದು. ಭಾರ ಹೊತ್ತು, ಬಿದ್ದು, ಬೆನ್ನುಮೂಳೆಗಳ ನಡುವಿನ ಮೆತ್ತೆ ಸರಿಯಬಹುದು. ಅದು ಪಕ್ಕದ ನರವನ್ನು ಒತ್ತುತ್ತದೆ. ಆಗ ಸೊಂಟದಿಂದ ಪಾದದವರೆಗೆ ನೋವು ಇಳಿಯುತ್ತೆ. ಸಿಯಾಚಿನ್‌ನಂಥ ಹಿಮದ ಬೆಟ್ಟದಲ್ಲಿ 1984ರಿಂದ ನಮ್ಮ ಸೈನಿಕರು ಕಾವಲಿದ್ದಾರೆ. ಅಲ್ಲಿಯ ಚಳಿಗೆ ಬೆರಳಿನ ನರಗಳೂ ಹಾಳಾಗಬಹುದು.

ಇದರ ಗುರುತುಗಳು ಏನು? ಪಾದ ಉರಿಯುವುದು. ಜೋಮು ಹಿಡಿಯುವುದು. ನಡೆಯುವಾಗ ಚಪ್ಪಲಿ ಕಳಚಿಹೋದರೂ ತಿಳಿಯದೇ ಇರುವುದು. ಪಾದ ಮೇಲೆತ್ತಲಾಗದೆ ನೆಲಕ್ಕೆ ಎಳೆಯುವುದು. ಲೋಟ ಕೈಯಿಂದ ಜಾರುವುದು. ಇದನ್ನು ಮೊದಲು ಕಾಣುವವರು ಮನೆಯ ಹೆಂಗಸರೇ. ಎಷ್ಟೋ ಯಜಮಾನರು ವೈದ್ಯರ ಮುಂದೆ "ಪರವಾಗಿಲ್ಲ ಸಾರ್" ಎಂದುಬಿಡುತ್ತಾರೆ. ಹಾಗೆ ಅನ್ನಲು ಬಿಡಬೇಡಿ. ನೀವು ಕಂಡದ್ದನ್ನು ಬರೆದುಕೊಂಡು ಹೋಗಿ.

ನರ ಕೆಟ್ಟಿದೆಯೇ ಎಂದು ಯಂತ್ರದಿಂದ ಪರೀಕ್ಷೆ ಮಾಡುತ್ತಾರೆ. ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಹರಿಯುತ್ತೆ ಎಂದು ಅದು ಅಳೆಯುತ್ತೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇದೆ. ಆ ವರದಿ ಕಾಣದ ನೋವಿಗೆ ಕಾಣುವ ಸಾಕ್ಷಿ. ಅದನ್ನು ಜೋಪಾನ ಮಾಡಿ.

ಪಿಂಚಣಿ ಯಾವಾಗ ಸಿಗುತ್ತೆ?

ಸೇವೆ ಬಿಡುವಾಗ ಸೈನ್ಯದ ವೈದ್ಯರ ಮಂಡಳಿ ಸೈನಿಕರನ್ನು ಪರೀಕ್ಷೆ ಮಾಡುತ್ತೆ. ಮಂಡಳಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು.

ಒಂದು: ಈ ಕಾಯಿಲೆ ಸೇವೆಯಿಂದ ಬಂತೇ? ಇಲ್ಲವೇ ಸೇವೆಯಿಂದ ಹೆಚ್ಚಾಯಿತೇ?

ಎರಡು: ಊನ ಎಷ್ಟು? ಸಾಮಾನ್ಯವಾಗಿ ಅದು ನೂರಕ್ಕೆ 20 ಅಥವಾ ಹೆಚ್ಚು ಇರಬೇಕು.

ಜಗಳ ಹುಟ್ಟುವುದು ಹೆಚ್ಚಾಗಿ ಮೊದಲನೇ ಪ್ರಶ್ನೆಯಲ್ಲಿ. "ಇದು ಸಕ್ಕರೆ ಕಾಯಿಲೆಯಿಂದ ಬಂದದ್ದು", "ಇದು ವಯಸ್ಸಿನ ಸವೆತ", "ಇದು ಹುಟ್ಟಿನಿಂದ ಇದ್ದದ್ದು" ಎಂದು ಬರೆದರೆ ಪಿಂಚಣಿ ನಿಲ್ಲುತ್ತೆ. ಕಾಗದದಲ್ಲಿ "ಎನ್.ಎ.ಎನ್.ಎ." ಎಂಬ ಅಕ್ಷರಗಳಿದ್ದರೆ, ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದರ್ಥ.

ಒಬ್ಬ ಸಿಪಾಯಿಯ ಹೋರಾಟ

ಧರಂವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸೈನ್ಯದ ಸಿಗ್ನಲ್ ದಳಕ್ಕೆ ಸೇರಿದರು. ಸೇರುವಾಗ ಅವರಿಗೆ ಯಾವ ಕಾಯಿಲೆಯೂ ಇದ್ದ ದಾಖಲೆ ಇರಲಿಲ್ಲ. ಮುಂದೆ ಮೂರ್ಛೆ ರೋಗ ಬಂತು. ಇದು ಮಿದುಳಿಗೆ ಸೇರಿದ ಕಾಯಿಲೆ. 1994ರಲ್ಲಿ ಅವರನ್ನು ಮನೆಗೆ ಕಳಿಸಿದರು. ನೂರಕ್ಕೆ 20 ಊನ ಎಂದರು. ಆದರೆ ಸೇವೆಗೂ ಇದಕ್ಕೂ ಸಂಬಂಧ ಇಲ್ಲ ಎಂದು ಪಿಂಚಣಿ ಕೊಡಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಮೇಲ್ಮನವಿ ಹಾಕಿದರು. ಹೈಕೋರ್ಟಿಗೆ ಹೋದರು. ಅಲ್ಲಿ ಒಮ್ಮೆ ಗೆದ್ದರು, ಒಮ್ಮೆ ಸೋತರು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು.

ಕೋರ್ಟು ಹೇಳಿದ್ದೇನು? ಸೇರುವಾಗ ಕಾಯಿಲೆ ಇದೆ ಎಂದು ಬರೆದಿಲ್ಲದಿದ್ದರೆ, ಸೈನಿಕ ಆಗ ಆರೋಗ್ಯವಾಗಿದ್ದ ಎಂದೇ ತಿಳಿಯಬೇಕು. ಆಮೇಲೆ ಕಾಯಿಲೆಯಿಂದ ಹೊರಗೆ ಕಳಿಸಿದರೆ, ಅದು ಸೇವೆಯಿಂದ ಆದದ್ದು ಎಂದು ಮೊದಲು ಭಾವಿಸಬೇಕು. ಅಲ್ಲ ಎನ್ನುವುದಾದರೆ ಸರ್ಕಾರವೇ ರುಜುವಾತು ಮಾಡಬೇಕು. ವೈದ್ಯರ ಮಂಡಳಿ ಕಾರಣ ಬರೆಯಬೇಕು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ ಸಿಗಬೇಕು.

ಈ ಮಾತು ಬರೀ ಮೂರ್ಛೆ ರೋಗಕ್ಕೆ ಅಲ್ಲ. ನರದ ಪೆಟ್ಟಿನ ಮೇಲ್ಮನವಿಯಲ್ಲೂ ಇದೇ ತೀರ್ಪನ್ನು ಎತ್ತಿ ತೋರಿಸಬಹುದು. ಆದರೆ 1994ರಿಂದ 2013 ಎಷ್ಟು ವರ್ಷ? 19 ವರ್ಷ! ಅದಕ್ಕೇ ಮೊದಲ ದಿನದಿಂದಲೇ ಕಾಗದ ಸರಿಯಾಗಿಟ್ಟುಕೊಳ್ಳಬೇಕು.

ಲೆಕ್ಕ ಮಾಡೋಣ

ಒಬ್ಬ ಸೈನಿಕರ ಕೊನೆಯ ಸಂಬಳ 40,000 ರೂಪಾಯಿ ಎಂದುಕೊಳ್ಳೋಣ. ಊನ ನೂರಕ್ಕೆ ನೂರು ಇದ್ದರೆ ಸಂಬಳದ ನೂರಕ್ಕೆ 30 ಭಾಗ ಸಿಗುತ್ತೆ. ಅಂದರೆ ತಿಂಗಳಿಗೆ 12,000 ರೂಪಾಯಿ. ಊನ ನೂರಕ್ಕೆ 20 ಇದ್ದರೆ ಅದರ ಐದನೇ ಒಂದು ಭಾಗ, 2,400 ರೂಪಾಯಿ.

ಇಲ್ಲಿ ಇನ್ನೊಂದು ನಿಯಮವಿದೆ. ಊನ 50ಕ್ಕಿಂತ ಕಡಿಮೆ ಇದ್ದರೆ ಅದನ್ನು 50 ಎಂದು ಹಿಡಿಯುತ್ತಾರೆ. 50ರಿಂದ 75ರ ಒಳಗಿದ್ದರೆ 75. ಅದಕ್ಕೂ ಮೇಲಿದ್ದರೆ 100. ಮೊದಲು ಇದು ಕಾಯಿಲೆಯಿಂದ ಅರ್ಧಕ್ಕೇ ಹೊರಬಂದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ಬಂದವರಿಗೂ ಕೊಡಬೇಕು ಎಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗ 2,400 ರೂಪಾಯಿ 6,000 ರೂಪಾಯಿ ಆಗುತ್ತೆ. ಇದರ ಮೇಲೆ ತುಟ್ಟಿ ಪರಿಹಾರವೂ ಸೇರುತ್ತೆ.

ಒಂದು ಮಾತು ನೆನಪಿರಲಿ. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ. ಅವರ ಲೆಕ್ಕವನ್ನು ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿಯೇ ತಿಳಿಯಬೇಕು.

"ಇಲ್ಲ" ಎಂಬ ಕಾಗದ ಬಂದರೆ ಏನು ಮಾಡಬೇಕು?

ಮೊದಲು ತಾರೀಖು ನೋಡಿ. ಅಂಕಿ ಓದಲು ನಾವೆಲ್ಲ ಕಲಿತಿದ್ದೇವೆ. ಮೇಲ್ಮನವಿಗೆ ಸಾಮಾನ್ಯವಾಗಿ ಆರು ತಿಂಗಳ ಗಡುವು ಇರುತ್ತೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಕಾಗದ ಬಂದ ಲಕೋಟೆಯನ್ನೂ ಬಿಸಾಡಬೇಡಿ.

ಆಮೇಲೆ ಕಾಗದ ಕೂಡಿಸಿ. ಡಿಸ್ಚಾರ್ಜ್ ಪುಸ್ತಕ ಬೇಕು. ಪಿಂಚಣಿ ಆದೇಶ ಬೇಕು. ಆಸ್ಪತ್ರೆಯ ಚೀಟಿಗಳು ಬೇಕು. ಪೆಟ್ಟು ಬಿದ್ದಾಗ ಸೈನ್ಯದಲ್ಲಿ ಬರೆದ ವರದಿ ಬೇಕು. ಎಲ್ಲಿ ಎಲ್ಲಿ ಕೆಲಸ ಮಾಡಿದರು ಎಂಬ ವಿವರ ಬೇಕು. ವೈದ್ಯರ ಮಂಡಳಿಯ ವರದಿಯ ಪ್ರತಿ ಬಹಳ ಮುಖ್ಯ.

ಆ ವರದಿ ಇಲ್ಲವೇ? ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂದಿದೆ. 10 ರೂಪಾಯಿ ಶುಲ್ಕ ಕೊಟ್ಟು ಅವರ ದಳದ ದಾಖಲೆ ಕಚೇರಿಗೆ ಅರ್ಜಿ ಹಾಕಿ. ಅರ್ಜಿಗೆ ಯಜಮಾನರ ಸಹಿ ಇರಲಿ. 30 ದಿನದಲ್ಲಿ ಉತ್ತರ ಕೊಡಬೇಕು. ಮದ್ರಾಸ್ ಸ್ಯಾಪರ್ಸ್ ದಳದವರ ದಾಖಲೆ ಕಚೇರಿ ಬೆಂಗಳೂರಿನಲ್ಲೇ ಇದೆ. ಸಿಗ್ನಲ್ ದಳದ್ದು ಜಬಲ್‌ಪುರದಲ್ಲಿದೆ.

ವಿಳಾಸ ಬರೆಯುವಾಗ ಎಚ್ಚರ. 2014ರ ನವೆಂಬರ್ 1ರಿಂದ ಬಿಜಾಪುರದ ಹೆಸರೂ ವಿಜಯಪುರ ಆಗಿದೆ. ಬರೀ "ವಿಜಯಪುರ" ಎಂದು ಬರೆದರೆ ಕಾಗದ ಆ ಕಡೆ ಹೋದೀತು. ದೇವನಹಳ್ಳಿ ತಾಲ್ಲೂಕು ಎಂದು ಬರೆಯಿರಿ. ಜಿಲ್ಲೆಯ ಹೆಸರು, ಪಿನ್ ಕೋಡೂ ಇರಲಿ.

ಮುಂದಿನ ಮೆಟ್ಟಿಲುಗಳು ಮೂರು.

1. ಮೊದಲ ಮೇಲ್ಮನವಿ. ಇದನ್ನು ಸೈನ್ಯದ ಸಮಿತಿ ನೋಡುತ್ತೆ.

2. ಅಲ್ಲೂ ಇಲ್ಲ ಎಂದರೆ ಎರಡನೇ ಮೇಲ್ಮನವಿ. ಇದನ್ನು ಅದಕ್ಕಿಂತ ಮೇಲಿನ ಸಮಿತಿ ನೋಡುತ್ತೆ.

3. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಇದು ಬಂತು. 2009ರಿಂದ ಕೆಲಸ ಮಾಡುತ್ತಿದೆ. ಕರ್ನಾಟಕವು ಕೊಚ್ಚಿಯ ಪೀಠಕ್ಕೆ ಸೇರುತ್ತದೆ. ಇಲ್ಲಿಗೂ ಆರು ತಿಂಗಳ ಗಡುವು ಇದೆ. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಕಾಯದೆ ಇಲ್ಲಿಗೆ ಹೋಗಬಹುದು.

"ಅಯ್ಯೋ, ನಮ್ಮ ಕಾಗದ ಬಂದು ಹತ್ತು ವರ್ಷ ಆಯ್ತಲ್ಲ" ಅನ್ನುತ್ತೀರಾ? ಆಸೆ ಬಿಡಬೇಡಿ. ತಡಕ್ಕೆ ಕಾರಣ ಹೇಳಿ ಕೇಳಬಹುದು. ಆದರೆ ತಡವಾದಷ್ಟೂ ನಷ್ಟವೇ. ತಡವಾಗಿ ಬಂದವರಿಗೆ ಹಿಂದಿನ ಬಾಕಿಯನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಾತ್ರ ಕೊಡುತ್ತಾರೆ. ಇದು 2008ರ ತಾರ್ಸೇಮ್ ಸಿಂಗ್ ಮೊಕದ್ದಮೆಯ ತೀರ್ಪು. ಸೈನಿಕರು ತೀರಿಕೊಂಡಿದ್ದರೆ, ಅವರಿಗೆ ಬರಬೇಕಿದ್ದ ಬಾಕಿಗಾಗಿ ಹೆಂಡತಿ ಮೊಕದ್ದಮೆ ಮುಂದುವರಿಸಬಹುದು.

ಎಲ್ಲರಿಗೂ ಗೆಲುವು ಸಿಗುತ್ತೆ ಎಂದು ನಾವು ಹೇಳುವುದಿಲ್ಲ. ರಜೆಯಲ್ಲಿ ಊರಿಗೆ ಬಂದು ಸ್ವಂತ ಕೆಲಸದಲ್ಲಿ ಬಿದ್ದಿದ್ದರೆ ಗೆಲ್ಲುವುದು ಕಷ್ಟ. ಸೇವೆಗೂ ಪೆಟ್ಟಿಗೂ ನಂಟು ಇರಬೇಕು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಸಹಾಯ ಎಲ್ಲಿ ಸಿಗುತ್ತೆ?

"ಇಷ್ಟು ಸಾವಿರ ಕೊಡಿ, ಪಿಂಚಣಿ ಮಾಡಿಸಿಕೊಡ್ತೀನಿ" ಎನ್ನುವವರು ಬರುತ್ತಾರೆ. ದುಡ್ಡು ಕೊಡಬೇಡಿ. ಮೂಲ ಕಾಗದವನ್ನಂತೂ ಕೊಡಲೇಬೇಡಿ. ಜೆರಾಕ್ಸ್ ಮಾತ್ರ ಕೊಡಿ.

ಬೆಂಗಳೂರಿನಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಅರ್ಜಿ ಬರೆಯಲು ಅಲ್ಲಿ ನೆರವು ಕೇಳಿ. ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯಂತೆ ಹೆಂಗಸರಿಗೆ ಕಾನೂನು ನೆರವು ಉಚಿತ. ಅಂಗವಿಕಲರಿಗೂ ಉಚಿತ. 15100ಕ್ಕೆ ಫೋನು ಮಾಡಿಯೂ ಕೇಳಬಹುದು. 2025ರಲ್ಲಿ ಸೈನಿಕರ ಕುಟುಂಬಗಳಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆಯನ್ನೂ ಶುರು ಮಾಡಿದ್ದಾರೆ.

ಅಕ್ಕಂದಿರೇ, ಪಿಂಚಣಿ ಭಿಕ್ಷೆ ಅಲ್ಲ. ದುಡಿದವರ ಹಕ್ಕು. ಇವತ್ತೇ ಟ್ರಂಕು ತೆಗೆಯಿರಿ. ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಓದಲು ಆಗದ್ದನ್ನು ಕಲಿಕಾ ಕೇಂದ್ರಕ್ಕೆ ತನ್ನಿ. ನಾವೆಲ್ಲ ಕೂಡಿ ಓದೋಣ.

ಹೇಳಿ ನೋಡೋಣ

1. ನರದ ಪೆಟ್ಟಿನ ಮೂರು ಗುರುತುಗಳನ್ನು ಹೇಳಿ.

2. ಕೊನೆಯ ಸಂಬಳ 30,000 ರೂಪಾಯಿ. ಊನವನ್ನು ನೂರಕ್ಕೆ 50 ಎಂದು ಹಿಡಿದರೆ ತಿಂಗಳಿಗೆ ಎಷ್ಟು ಸಿಗುತ್ತೆ?

3. ಮಾರ್ಚ್ 10ಕ್ಕೆ "ಇಲ್ಲ" ಎಂಬ ಕಾಗದ ಬಂತು. ಆರು ತಿಂಗಳ ಗಡುವು ಯಾವತ್ತಿಗೆ ಮುಗಿಯುತ್ತೆ?

4. ನಿಮ್ಮ ಬೀದಿಯಲ್ಲಿ ಮಾಜಿ ಸೈನಿಕರ ಮನೆ ಇದೆಯೇ? ಈ ಪಾಠವನ್ನು ಆ ಮನೆಯಲ್ಲಿ ಓದಿ ಹೇಳಿ.