ಎಣಿಸದೆಯೇ ಎಷ್ಟೆಂದು ತಿಳಿಯುವುದು

ಚೌಕಾಬಾರಾ ಆಟದಲ್ಲಿ ನಾಲ್ಕು ಕವಡೆಗಳನ್ನು ಎಸೆಯುತ್ತಾರೆ. ಮೂರು ಅಂಗಾತ ಬಿದ್ದರೆ ‘ಮೂರು’ ಎಂಬ ಕೂಗು ತಕ್ಷಣ ಬರುತ್ತದೆ. ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ಏಳು ಕವಡೆಗಳು ಅಂಗಾತ ಬಿದ್ದಿದ್ದರೆ? ಆಗ ಎಣಿಸಲೇಬೇಕಾಗುತ್ತದೆ. ಈ ವ್ಯತ್ಯಾಸ ಏಕೆ?

ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವೋನ್ಸ್ ಕಾಳುಗಳನ್ನು ಪೆಟ್ಟಿಗೆಯೊಳಕ್ಕೆ ಚೆಲ್ಲಿ, ಒಂದೇ ನೋಟದಲ್ಲಿ ಅವೆಷ್ಟೆಂದು ಊಹಿಸುವ ಪ್ರಯೋಗವನ್ನು ಸಾವಿರಕ್ಕೂ ಹೆಚ್ಚು ಬಾರಿ ಮಾಡಿ, 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು, ನಾಲ್ಕು ಕಾಳುಗಳಿದ್ದಾಗ ಅವರು ಒಮ್ಮೆಯೂ ತಪ್ಪಲಿಲ್ಲ. ತಪ್ಪುಗಳು ಆರಂಭವಾದದ್ದು ಐದರಿಂದ. ಈ ಸಾಮರ್ಥ್ಯಕ್ಕೆ 1949ರಲ್ಲಿ ‘ಸಬಿಟೈಸಿಂಗ್’ ಎಂಬ ಹೆಸರು ಬಂತು. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ‘ಹಠಾತ್’. ಸುಮಾರು ನಾಲ್ಕರವರೆಗೆ ಪ್ರತಿ ಹೊಸ ವಸ್ತುವಿಗೆ ಹೆಚ್ಚುವರಿಯಾಗಿ ಬೇಕಾಗುವ ಕಾಲ 40ರಿಂದ 100 ಮಿಲಿಸೆಕೆಂಡ್. ಅನಂತರ ಅದು 250ರಿಂದ 350 ಮಿಲಿಸೆಕೆಂಡಿಗೆ ಏರುತ್ತದೆ. ಐದು ತಿಂಗಳ ಆಸುಪಾಸಿನ ಶಿಶುಗಳು ಸಹ ಎರಡು ಮತ್ತು ಮೂರು ಚುಕ್ಕೆಗಳ ವ್ಯತ್ಯಾಸ ಗುರುತಿಸುತ್ತವೆಂದು 1980ರ ಒಂದು ಪ್ರಯೋಗ ತೋರಿಸಿತು.

ನಮ್ಮ ಅಂಕಿಗಳಲ್ಲೂ ಇದರ ಛಾಯೆ ಇರಬಹುದು. ೧, ೨, ೩ರ ಮೂಲವಾದ ಬ್ರಾಹ್ಮಿ ಅಂಕಿಗಳು ಒಂದು, ಎರಡು, ಮೂರು ಅಡ್ಡಗೆರೆಗಳು. ನಾಲ್ಕಕ್ಕೆ ಮಾತ್ರ ನಾಲ್ಕು ಗೆರೆಗಳಿಲ್ಲ, ಬೇರೆಯೇ ಚಿಹ್ನೆ.

ತರಗತಿಯಲ್ಲಿ ಇದರ ಉಪಯೋಗವೇನು? ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗು ‘ಏಳು ಬೀಜ ಕೊಡು’ ಎಂದರೆ ತಡವರಿಸಬಹುದು. ಅದಕ್ಕೆ ಸಂಖ್ಯೆಗಳ ಹೆಸರು ಗೊತ್ತು, ಪರಿಮಾಣ ಗೊತ್ತಿಲ್ಲ. ಎಣಿಕೆ ಕಲಿಸುವುದರ ಜೊತೆಗೆ ನೋಟವನ್ನೂ ಪಳಗಿಸಿದರೆ ಹೆಸರಿಗೆ ಅರ್ಥ ಕೂಡುತ್ತದೆ.

ವಿಧಾನ ಸರಳ. ತಟ್ಟೆಯ ಕೆಳಗೆ ಎರಡು ಹುಣಸೆ ಬೀಜಗಳನ್ನಿಟ್ಟು, ತಟ್ಟೆಯನ್ನು ಒಂದು ಸೆಕೆಂಡ್ ಮಾತ್ರ ಎತ್ತಿ ಮುಚ್ಚಿರಿ. ಹೆಚ್ಚು ಹೊತ್ತು ತೋರಿಸಿದರೆ ಮಗು ಎಣಿಸತೊಡಗುತ್ತದೆ. ಮೂರರವರೆಗೆ ಸಲೀಸಾದ ಮೇಲೆ ನಾಲ್ಕಕ್ಕೆ ಹೋಗಿರಿ. ಬೀಜಗಳನ್ನು ಸದಾ ತ್ರಿಕೋನವಾಗಿಯೇ ಇಟ್ಟರೆ ಮಗು ಕಲಿಯುವುದು ಮೂರನ್ನಲ್ಲ, ತ್ರಿಕೋನವನ್ನು! ಆದ್ದರಿಂದ ಜೋಡಣೆ, ಅಂತರ, ಗಾತ್ರಗಳನ್ನು ಬದಲಿಸುತ್ತಿರಬೇಕು. ವಿಜಯಪುರ ಜಿಲ್ಲೆಯ ಕೊಲ್ಹಾರದಲ್ಲಿ ಮೊಸರನ್ನು ಸಣ್ಣ ಮಣ್ಣಿನ ಗಡಿಗೆಗಳಲ್ಲಿ ಮಾರುತ್ತಾರೆ. ಅಲ್ಲಿನ ಮಗುವಿಗೆ ಮೂರು ಗಡಿಗೆಗಳನ್ನೂ ಮೂರು ಜೋಳದ ಕಾಳುಗಳನ್ನೂ ತೋರಿಸಿ. ಎರಡರಲ್ಲೂ ಸಮಾನವಾದದ್ದು ಸಂಖ್ಯೆಯೊಂದೇ.

ಐದು, ಆರಕ್ಕೆ ಬಂದಾಗ ಗುಂಪು ಮಾಡಿ ತೋರಿಸಿ: ನಾಲ್ಕು ಮತ್ತು ಒಂದು, ಮೂರು ಮತ್ತು ಮೂರು. ಹೀಗೆ ನೋಟದಲ್ಲೇ ಸಂಕಲನದ ಬೀಜವಿದೆ. ‘ಹೇಗೆ ಗೊತ್ತಾಯಿತು?’ ಎಂದು ಕೇಳಿ. ವೇಗದ ಸ್ಪರ್ಧೆ ಬೇಡ, ತಪ್ಪಿದರೆ ತಟ್ಟೆ ತೆಗೆದು ಮಗುವೇ ಎಣಿಸಿ ನೋಡಲಿ.

ವಿದ್ಯಾರ್ಥಿಗಳು ಜೆವೋನ್ಸ್ ಪ್ರಯೋಗವನ್ನು ತಾವೇ ಮಾಡಬಹುದು. ಗೆಳೆಯನೊಬ್ಬ ಒಂದರಿಂದ ಹತ್ತರವರೆಗಿನ ಕಾಳುಗಳನ್ನು ಮನಬಂದಂತೆ ಚೆಲ್ಲಲಿ. ನೂರು ಸಲ ಊಹಿಸಿ, ಸರಿ-ತಪ್ಪುಗಳ ಕೋಷ್ಟಕ ಬರೆಯಿರಿ. ನಿಮ್ಮ ತಪ್ಪುಗಳು ಯಾವ ಸಂಖ್ಯೆಯಿಂದ ಆರಂಭವಾಗುತ್ತವೆ?